ಮೂರು ಮನೆ, ಒಂದು ಜೆಟ್ ಬೋಟ್: ಹಳೆಯ ಬೋಟಿಗೆ ಬೆಲೆ ಕಟ್ಟಿದ ಒಂದು ಪ್ರಕರಣ

ಹಿನ್ನೆಲೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಈಶಾನ್ಯಕ್ಕೆ ಲೇನಿಯರ್ ಸರೋವರವಿದೆ. ಚಟ್ಟಹೂಚಿ ನದಿಗೆ ಬ್ಯೂಫರ್ಡ್ ಅಣೆಕಟ್ಟು ಕಟ್ಟಿ 1950ರ ದಶಕದಲ್ಲಿ ಮಾಡಿದ ಜಲಾಶಯ ಅದು. ಸುಮಾರು 38,000 ಎಕರೆ ನೀರು, ಅಮೆರಿಕ ಸೇನೆಯ ಎಂಜಿನಿಯರ್ ದಳದ ಉಸ್ತುವಾರಿ. ಅಲ್ಲಿಂದ ಅರ್ಧ ಗಂಟೆಯ ದೂರದ ಬಡಾವಣೆಗಳಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. 2019ರ ಬೇಸಿಗೆ ಮುಗಿಯುವ ಹೊತ್ತಿಗೆ ಅಂಥ ಮೂರು ಮನೆಯವರು ಸೇರಿ ಒಂದು ಬೋಟ್ ಕೊಳ್ಳಬೇಕೆಂದು ತೀರ್ಮಾನಿಸಿದರು. ದಿನದ ಬಾಡಿಗೆ ಕೊಟ್ಟೂ ಕೊಟ್ಟೂ ಅವರಿಗೆ ಸಾಕಾಗಿತ್ತು.

ಅವರ ಹೆಸರುಗಳು ಇಲ್ಲಿ ಬರುವುದಿಲ್ಲ. ಡಾಕ್ಟರು, ಲೆಕ್ಕಿಗರು, ಸಾಫ್ಟ್‌ವೇರಿನವರು ಎಂದು ಕರೆಯುತ್ತೇನೆ. ವೃತ್ತಿಗಳನ್ನೂ ಒಂದಿಷ್ಟು ಬದಲಿಸಿದ್ದೇನೆ, ಮೊತ್ತಗಳನ್ನು ದುಂಡು ಮಾಡಿದ್ದೇನೆ. ನಾನು ಕಾರ್ಖಾನೆಗಳ ಪಂಪುಗಳನ್ನು ನೋಡಿಕೊಳ್ಳುವ ಕೆಲಸದವನು. ಪಂಪಿನಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿಸಿ ಓಡುವ ಜೆಟ್ ಬೋಟಿನಲ್ಲಿ ಕೆಡುವುದು ಹೆಚ್ಚಾಗಿ ಪಂಪ್ ಎಂದು ಯಾರೋ ಅವರಿಗೆ ಹೇಳಿದ್ದರಿಂದ ನನ್ನನ್ನು ಜೊತೆಗೆ ಕರೆದರು.

ಜೆಟ್ ಬೋಟೇ ಏಕೆ ಎಂಬ ಪ್ರಶ್ನೆಗೆ ಮೂವರ ಉತ್ತರವೂ ಬೇರೆ. ಡಾಕ್ಟರ ಅಪ್ಪ ಅಮ್ಮ ವರ್ಷ ಬಿಟ್ಟು ವರ್ಷ ಶಿವಮೊಗ್ಗದಿಂದ ಬಂದು ಆರು ತಿಂಗಳು ಇರುತ್ತಾರೆ. "ಹತ್ತುವುದಕ್ಕೆ ಮೆಟ್ಟಿಲು ಇರುತ್ತದೆಯೇನಪ್ಪ? ನನ್ನ ಮಂಡಿ ನಿನಗೆ ಗೊತ್ತಲ್ಲ" ಎಂದು ಅಮ್ಮ ಫೋನಿನಲ್ಲೇ ಕೇಳಿದ್ದರಂತೆ. ಜೆಟ್ ಬೋಟಿನ ಹಿಂಬದಿಯಲ್ಲಿ ಎಂಜಿನ್ ನೇತಾಡುವುದಿಲ್ಲ, ಪ್ರೊಪೆಲ್ಲರ್ ಇರುವುದಿಲ್ಲ. ಆ ಜಾಗದಲ್ಲಿ ನೀರಿನ ಮಟ್ಟಕ್ಕೆ ತುಸು ಮೇಲೆ ಅಗಲವಾದ ಜಗಲಿಯಿರುತ್ತದೆ. ಕೂರಬಹುದು, ಕಾಲು ಇಳಿಬಿಡಬಹುದು. ಸಾಫ್ಟ್‌ವೇರಿನವರಿಗೆ ಬೋಟಿನ ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ಜಾರುವ ವೇಕ್‌ಬೋರ್ಡ್ ಹುಚ್ಚು, ಹಗ್ಗ ಕಟ್ಟಲು ಮೇಲೊಂದು ಕಮಾನು ಬೇಕು. ಲೆಕ್ಕಿಗರಿಗೆ ಬೇಕಾದದ್ದು ಒಂದೇ: ನಾಳೆ ಮಾರಿದರೆ ದುಡ್ಡು ಮುಳುಗಬಾರದು.

ನನ್ನನ್ನು ಕೇಳಿದ್ದರೆ ತೇಲುವ ಕೊಳವೆಗಳ ಮೇಲೆ ಚಪ್ಪಟೆ ಅಟ್ಟವಿರುವ ಪಾಂಟೂನ್ ಬೋಟ್ ತೆಗೆದುಕೊಳ್ಳಿ ಎನ್ನುತ್ತಿದ್ದೆ. ವಯಸ್ಸಾದವರಿಗೆ ಅದರಷ್ಟು ಸುಖದ ಬೋಟ್ ಇನ್ನೊಂದಿಲ್ಲ, ಪೆಟ್ರೋಲ್ ಕುಡಿಯುವುದೂ ಕಡಿಮೆ. ಮಕ್ಕಳು ಒಪ್ಪಲಿಲ್ಲ; ಅಲ್ಲಿಗೆ ಆ ಮಾತು ಮುಗಿಯಿತು.

ಸಮಸ್ಯೆ

ರಿಪೇರಿಯೂ ಸೇರಿ 30,000 ಡಾಲರ್ ದಾಟಬಾರದು ಎಂದು ಮೊದಲೇ ಗೆರೆ ಎಳೆದುಕೊಂಡಿದ್ದರು. ಆ ದುಡ್ಡಿಗೆ 24 ಅಡಿಯ, ಎರಡು ಎಂಜಿನ್‌ನ, ಏಳೆಂಟು ವರ್ಷ ಹಳೆಯ ಯಮಹಾ ಬೋಟುಗಳು ಸಿಗುತ್ತಿದ್ದವು. ಸೀ-ಡೂ ಕಂಪನಿ 2012ರಲ್ಲೇ ಈ ಬಗೆಯ ಬೋಟುಗಳನ್ನು ನಿಲ್ಲಿಸಿತ್ತು. ಅವು ಅಗ್ಗಕ್ಕೆ ಸಿಗುತ್ತಿದ್ದರೂ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಇರುವ ಎಂಜಿನ್ ಬೇಡವೆಂದು ನಾನೇ ಅಂದೆ. ಆ ಚಾರ್ಜರನ್ನು ಕಾಲಕಾಲಕ್ಕೆ ಬಿಚ್ಚಿ ಕಟ್ಟಿಸುತ್ತಿರಬೇಕು. ಮೂರು ಮನೆಯ ಪಾಲಿನಲ್ಲಿ ಅಂಥ ಕೆಲಸವನ್ನು ಯಾರೂ ಹೊತ್ತಿಗೆ ಸರಿಯಾಗಿ ಮಾಡಿಸುವುದಿಲ್ಲ.

ಜಾಹೀರಾತುಗಳನ್ನು ಜರಡಿ ಹಿಡಿದ ಮೇಲೆ ಎರಡು ಬೋಟ್ ಉಳಿದವು. ಎರಡೂ ಒಂದೇ ಮಾದರಿ, ಎರಡರಲ್ಲೂ 1.8 ಲೀಟರಿನ ಎರಡೆರಡು ಎಂಜಿನ್.

ಒಂದನೆಯದಕ್ಕೆ 31,500 ಡಾಲರ್ ಹೇಳಿದ್ದರು. 118 ಗಂಟೆ ಓಡಿದೆ, ಸದಾ ಸಿಹಿನೀರಿನಲ್ಲೇ ಇತ್ತು, 2013ರ ಮಾದರಿ ಎಂದು ಬರೆದಿತ್ತು. ಚಿತ್ರಗಳಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಸ ಸ್ಟೀರಿಯೊ, ಕಮಾನಿನ ಮೇಲೆ ನಾಲ್ಕು ಸ್ಪೀಕರ್, ಅಂಚಿನುದ್ದಕ್ಕೂ ನೀಲಿ ದೀಪ.

ಎರಡನೆಯದಕ್ಕೆ 27,900. ಓಡಿದ್ದು 330 ಗಂಟೆ. ಬಿಸಿಲಿಗೆ ಬಣ್ಣ ಮಂಕಾಗಿದೆ, ಸೀಟಿನ ಹೊಲಿಗೆ ಬಿಟ್ಟಿದೆ, ನೆರಳಿನ ಬಟ್ಟೆ ಹರಿದಿದೆ. ಚಿತ್ರಗಳನ್ನು ತೆಗೆದವರಿಗೆ ಮಾರುವ ಉತ್ಸಾಹವೇ ಇದ್ದಂತಿರಲಿಲ್ಲ.

ಸಾಫ್ಟ್‌ವೇರಿನವರು ಒಂದನೆಯದಕ್ಕೆ ಮುಂಗಡ ಕಳಿಸಲು ಸಿದ್ಧರಾಗಿದ್ದರು. 118 ಎಲ್ಲಿ, 330 ಎಲ್ಲಿ? ಕಾರಿನ ಮೀಟರ್ ನೋಡಿ ಬೆಲೆ ಕಟ್ಟಿ ಅಭ್ಯಾಸವಾದವರಿಗೆ ಹಾಗೆ ಅನ್ನಿಸುವುದು ಸಹಜ. ಬೋಟಿನಲ್ಲಿ ಆ ಲೆಕ್ಕ ಅರ್ಧವಷ್ಟೇ ಹೊಂದುತ್ತದೆ. ಓಡದೆ ನಿಂತ ಎಂಜಿನ್‌ನಲ್ಲಿ ಇಂಧನ ಕೆಡುತ್ತದೆ, ರಬ್ಬರ್ ಗಟ್ಟಿಯಾಗುತ್ತದೆ, ಚಳಿಗಾಲಕ್ಕೆ ಮೊದಲು ನೀರು ಬಸಿಯದಿದ್ದರೆ ಒಳಗೇ ಹೆಪ್ಪುಗಟ್ಟಿ ಒಡೆಯುತ್ತದೆ. ವರ್ಷಕ್ಕೆ ನಲವತ್ತು ಐವತ್ತು ಗಂಟೆ ಓಡಿ, ಪ್ರತಿ ಸಲ ಎಣ್ಣೆ ಬದಲಿಸಿಕೊಂಡ ಎಂಜಿನ್ ನನ್ನ ಕಣ್ಣಿಗೆ ಒಳ್ಳೆಯದು. ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. "ಹಾಗಾದರೆ ಹೆಚ್ಚು ಓಡಿದ ಬೋಟಿಗೆ ಹೆಚ್ಚು ದುಡ್ಡು ಕೊಡೋಣವೇ ಸರ್?" ಎಂದು ನಕ್ಕರು. ನೋಡದೆ ದುಡ್ಡು ಕಳಿಸುವುದು ಬೇಡ ಎಂಬಲ್ಲಿ ಮಾತ್ರ ಎಲ್ಲರೂ ಒಂದಾದರು.

ಮಾಡಿ ನೋಡಿದ್ದು

ಮೊದಲ ಚರ್ಚೆ ಮೆಕ್ಯಾನಿಕ್‌ನ ಶುಲ್ಕದ ಬಗ್ಗೆ ಎದ್ದಿತು. ಮನೆಬಾಗಿಲಿಗೆ ಬಂದು ಪರೀಕ್ಷಿಸುವವರೊಬ್ಬರು ಒಂದು ಬೋಟಿಗೆ 350 ಡಾಲರ್ ಹೇಳಿದರು. ಎರಡಕ್ಕೆ 700. ಕೊಳ್ಳದ ಬೋಟಿಗೂ ದುಡ್ಡು ಸುರಿಯಬೇಕೇ ಎಂದು ಡಾಕ್ಟರು ಕೇಳಿದರು. ರೋಗವಿಲ್ಲದವರ ರಕ್ತವನ್ನೂ ಪರೀಕ್ಷೆಗೆ ಬರೆಯುತ್ತೀರಲ್ಲ ಎಂದು ಲೆಕ್ಕಿಗರು ಅವರ ಬಾಯಿ ಮುಚ್ಚಿಸಿದರು. ಆದರೂ ಒಂದು ಕ್ರಮ ಇಟ್ಟುಕೊಂಡೆವು: ಕಣ್ಣಿನ ಪರೀಕ್ಷೆಯಲ್ಲಿ ಪಾಸಾದ ಬೋಟಿಗೆ ಮಾತ್ರ ಮೆಕ್ಯಾನಿಕ್.

ಒಂದನೆಯ ಬೋಟಿನ ಮಾಲೀಕರು ಸಜ್ಜನರು, ಚಹಾ ಬೇಕೇ ಎಂದು ಕೇಳಿದರು. ನಾನು ಮೊದಲು ಹೋದದ್ದು ಬೋಟಿನ ಹಿಂದಿನ ಬಲ ಮೂಲೆಗೆ. ಅಮೆರಿಕದ ಪ್ರತಿ ಬೋಟಿನ ಆ ಮೂಲೆಯಲ್ಲಿ 12 ಅಕ್ಷರ ಅಂಕಿಗಳ ಒಡಲಿನ ಗುರುತು ಸಂಖ್ಯೆ ಇರುತ್ತದೆ. ಮೊದಲ ಮೂರು ತಯಾರಕರ ಸಂಕೇತ, ಕೊನೆಯ ಎರಡು ಮಾದರಿಯ ವರ್ಷ. ಇಲ್ಲಿ ಕೊನೆಯ ಎರಡು 12 ಎಂದಿದ್ದವು. ಬೋಟ್ ಅಂಗಡಿಯಲ್ಲಿ ನಿಂತು 2013ರಲ್ಲಿ ಮಾರಾಟವಾಗಿತ್ತು, ಅಷ್ಟೇ. ಇದು ಮೋಸವಲ್ಲ, ಆದರೆ ಹಳೆಯ ಬೋಟುಗಳ ಬೆಲೆಪಟ್ಟಿಯಲ್ಲಿ ಒಂದು ವರ್ಷ ಕೆಳಗೆ ಇಳಿಯಬೇಕು.

ಅದೇ ಬೋಟಿನಲ್ಲಿ ಎರಡನೆಯ ಸುಳಿವನ್ನು ಕಂಡವರು ಡಾಕ್ಟರು. ಬೋಟಿನ ಮುಂಭಾಗದ ಎರಡೂ ಬದಿಯಲ್ಲಿ ನೋಂದಣಿ ಸಂಖ್ಯೆ ಅಂಟಿಸಿರುತ್ತಾರೆ, ಅದು ರಾಜ್ಯದ ಎರಡಕ್ಷರದಿಂದ ಶುರುವಾಗುತ್ತದೆ. ಜಾರ್ಜಿಯಾದ 'ಜಿಎ' ಅಕ್ಷರಗಳ ಸುತ್ತ, ಬಿಸಿಲು ತಾಗದೆ ಉಳಿದ ಬಣ್ಣದಲ್ಲಿ 'ಎಫ್ಎಲ್' ಎಂಬ ನೆರಳು ಕಾಣುತ್ತಿತ್ತು. ಬೋಟ್ ಮೊದಲು ಫ್ಲೋರಿಡಾದಲ್ಲಿತ್ತು. ಫ್ಲೋರಿಡಾ ಎಂದ ಮಾತ್ರಕ್ಕೆ ಉಪ್ಪುನೀರು ಎನ್ನಲಾಗದು, ಅಲ್ಲೂ ಕೆರೆಗಳಿವೆ. ಆದರೆ ಟ್ರೇಲರ್ ಸತು ಲೇಪಿಸಿದ್ದು, ಸಮುದ್ರ ತೀರದವರು ಇಷ್ಟಪಡುವ ಬಗೆ. ಪಂಪಿನ ಬೋಲ್ಟುಗಳ ಬುಡದಲ್ಲಿ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತಿತ್ತು. ಮೂರನ್ನೂ ಒಟ್ಟಿಗೆ ಇಟ್ಟರೆ 'ಸದಾ ಸಿಹಿನೀರು' ಎಂಬುದು ನಿಲ್ಲುವುದಿಲ್ಲ. ಕೇಳಿದಾಗ ಮಾಲೀಕರು, ತಾವು ಕೊಂಡ ಮೇಲೆ ಸಿಹಿನೀರಿನಲ್ಲೇ ಇತ್ತು, ಅದಕ್ಕೂ ಹಿಂದಿನದು ತಮಗೆ ತಿಳಿಯದು ಎಂದರು. ಅವರು ಸುಳ್ಳು ಹೇಳುತ್ತಿದ್ದರು ಎಂದು ಈಗಲೂ ನನಗನ್ನಿಸುವುದಿಲ್ಲ.

ಆಮೇಲೆ ನಾನು ಎಲ್ಲ ಮಾರಾಟಗಾರರಿಗೂ ಕೇಳುವ ಪ್ರಶ್ನೆ ಕೇಳಿದೆ: ಎಂಜಿನ್‌ಗೆ ಕೊಳಾಯಿ ನೀರು ಹಾಯಿಸಿ ತೊಳೆಯುವುದು ಹೇಗೆ? ಈ ಎಂಜಿನ್‌ಗಳನ್ನು ತಂಪು ಮಾಡುವುದು ಪಂಪ್ ಎತ್ತಿಕೊಡುವ ಕೆರೆಯ ನೀರೇ. ದಡದಲ್ಲಿ ತೊಳೆಯುವಾಗ ಮೊದಲು ಎಂಜಿನ್ ಶುರು ಮಾಡಿ ಆಮೇಲೆ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು ಕಟ್ಟಿ ಆಮೇಲೆ ಎಂಜಿನ್ ಆರಿಸಬೇಕು. ಎಂಜಿನ್ ನಿಂತಿರುವಾಗ ನೀರು ಹರಿದರೆ, ಹೊಗೆ ಹೊರದೂಡುವ ಒತ್ತಡವಿಲ್ಲದೆ ಅದು ಹೊಗೆ ಕೊಳವೆಯಲ್ಲಿ ತುಂಬಿಕೊಂಡು ಸಿಲಿಂಡರಿಗೆ ಇಳಿಯುತ್ತದೆ. ಕೆಟ್ಟು ನಿಂತ ಜೆಟ್ ಬೋಟನ್ನು ಇನ್ನೊಂದು ಬೋಟಿಗೆ ಕಟ್ಟಿ ವೇಗವಾಗಿ ಎಳೆದರೂ ಇದೇ ಗತಿ.

"ನೀರಿನ ಕೊಳಾಯಿ ತಿರುಗಿಸುತ್ತೇನೆ, ಬಂದು ಎಂಜಿನ್ ಶುರು ಮಾಡುತ್ತೇನೆ" ಎಂದರು ಮಾಲೀಕರು.

ನಮ್ಮ ಕ್ರಮದ ಪ್ರಕಾರ ಅಲ್ಲಿಗೇ ಎದ್ದು ಬರಬೇಕಿತ್ತು. ಸಾಫ್ಟ್‌ವೇರಿನವರ ಮನಸ್ಸು ಒಪ್ಪಲಿಲ್ಲ. ಮೆಕ್ಯಾನಿಕ್‌ನ ದುಡ್ಡು ತಾನೊಬ್ಬನೇ ಕೊಡುತ್ತೇನೆ ಎಂದರು. ಈ ಪ್ರಕರಣದ ನಿಜವಾದ ತಿರುವು ಇಲ್ಲೇ ಇದೆ, ಅದು ಅವರ ಹಠದಿಂದ ಸಿಕ್ಕಿತು.

ಮೆಕ್ಯಾನಿಕ್ ಲ್ಯಾಪ್‌ಟಾಪನ್ನು ಎಂಜಿನ್‌ಗಳ ಕಂಪ್ಯೂಟರಿಗೆ ಜೋಡಿಸಿದರು. ಯಮಹಾದ ತಪಾಸಣೆ ತಂತ್ರಾಂಶ ಒಟ್ಟು ಗಂಟೆಯನ್ನಷ್ಟೇ ಹೇಳುವುದಿಲ್ಲ. ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಷ್ಟು ಸುತ್ತು) ಎಷ್ಟು ಹೊತ್ತು ಓಡಿದೆ, ಯಾವ ದೋಷ ದಾಖಲಾಗಿದೆ ಎಂಬುದನ್ನೂ ತೋರಿಸುತ್ತದೆ. ಎಡ ಎಂಜಿನ್ 118 ಗಂಟೆ. ಬಲ ಎಂಜಿನ್ 41.

ಎರಡು ಎಂಜಿನ್‌ನ ಬೋಟಿನಲ್ಲಿ ಎರಡೂ ಜೊತೆಯಲ್ಲೇ ದುಡಿಯುತ್ತವೆ. ನಾಲ್ಕೈದು ಗಂಟೆ ಹೆಚ್ಚುಕಡಿಮೆಯಾದರೆ ಲೆಕ್ಕಕ್ಕಿಲ್ಲ. 77 ಗಂಟೆಯ ಅಂತರ ಬರುವುದು ಒಂದು ಎಂಜಿನ್ ಅಥವಾ ಅದರ ಕಂಪ್ಯೂಟರ್ ಬದಲಾಗಿದ್ದರೆ ಮಾತ್ರ. ಜಾಹೀರಾತಿನವರು ಡ್ಯಾಶ್‌ಬೋರ್ಡ್‌ನಲ್ಲಿ ಕಂಡ ಎಡ ಎಂಜಿನ್‌ನ ಗಂಟೆಯನ್ನು ಬರೆದಿದ್ದರು. ಬಲ ಎಂಜಿನ್ ಏಕೆ ಬದಲಾಯಿತು, ಹೊಸದೋ ಹಳೆಯದೋ, ಯಾರು ಕೂರಿಸಿದರು ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಸಿಲಿಂಡರುಗಳು ಒತ್ತಡ ಹಿಡಿಯುತ್ತವೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ಎಂಟೂ ಸಿಲಿಂಡರುಗಳು ಚೆನ್ನಾಗಿಯೇ ನಿಂತವು. ಅಂದರೆ ಬೋಟ್ ಆ ದಿನ ಆರೋಗ್ಯವಾಗಿತ್ತು. ಅದರ ಇತಿಹಾಸ ಮಾತ್ರ ಕತ್ತಲು.

ಇಂಥ ಬೋಟಿಗೂ ಒಂದು ಬೆಲೆ ಇದೆ. ನಾನು 23,000 ಅಂದೆ, ಅದಕ್ಕಿಂತ ಮೇಲೆ ಹೋಗಬೇಡಿ ಎಂದೆ. ಮಾಲೀಕರು 30,500ಕ್ಕಿಂತ ಇಳಿಯಲಿಲ್ಲ. ಕೆಲವೇ ವಾರಗಳಲ್ಲಿ ಅದು 29,000ಕ್ಕೆ ಹೋಯಿತೆಂದು ಅವರೇ ಹೇಳಿದರು. ಕೊಂಡವರು ಸಂತೋಷವಾಗಿದ್ದಾರೆ ಎಂದೇ ನನ್ನ ಊಹೆ.

ಎರಡನೆಯ ಬೋಟ್

ಎರಡನೆಯ ಮಾಲೀಕರು ನಿವೃತ್ತರು, ಮಾತು ಕಡಿಮೆ. ಅಗ್ಗದ ಒಂದು ನೋಟುಪುಸ್ತಕ ತಂದು ಕೈಗೆ ಕೊಟ್ಟರು. ಪ್ರತಿ ಎಣ್ಣೆ ಬದಲಾವಣೆಯ ದಿನಾಂಕ, ಗಂಟೆ. ಪ್ರತಿ ಚಳಿಗಾಲಕ್ಕೆ ಮೊದಲು ನೀರು ಬಸಿದ ದಿನ. ಒಂದು ಸಲ ಬಲ ಪಂಪಿಗೆ ಕಲ್ಲು ಸಿಕ್ಕಿದ್ದು, ಎಲ್ಲಿ, ನೀರಿನ ಮಟ್ಟ ಎಷ್ಟಿತ್ತು ಎಂಬುದೂ ಸಹ. ತೊಳೆಯುವ ಪ್ರಶ್ನೆಗೆ ಉತ್ತರ ಕೊಡುವ ಬದಲು ಕೊಳಾಯಿ ಎಳೆದುಕೊಂಡು ಬಂದು ತೊಳೆದೇ ತೋರಿಸಿದರು. ಕ್ರಮ ಸರಿಯಾಗಿತ್ತು.

ಇಲ್ಲಿ ಪಂಪಿನ ಬಗ್ಗೆ ಸ್ವಲ್ಪ ಹೇಳಬೇಕು. ಬೋಟಿನ ತಳದ ಸುರಂಗದಲ್ಲಿ ಇಂಪೆಲ್ಲರ್ ಎಂಬ ಎಲೆಗಳ ಚಕ್ರ ತಿರುಗಿ ನೀರನ್ನು ಹೀರಿ, ಹಿಂದಿನ ಮೂತಿಯಿಂದ ಚಿಮ್ಮಿಸುತ್ತದೆ. ಮೂತಿ ಎಡಕ್ಕೆ ಬಲಕ್ಕೆ ವಾಲಿದರೆ ಬೋಟ್ ತಿರುಗುತ್ತದೆ. ಮೂತಿಯ ಮುಂದೆ ಬಟ್ಟಲಿನಂಥ ತಗಡು ಇಳಿದು ನೀರನ್ನು ಮುಂದಕ್ಕೆ ತಿರುಗಿಸಿದರೆ ಬೋಟ್ ಹಿಂದೆ ಹೋಗುತ್ತದೆ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಹದಕ್ಕೆ ತಂದದ್ದು ತಮ್ಮ ನಾಡಿನ ಆಳವಿಲ್ಲದ, ಕಲ್ಲು ತುಂಬಿದ ನದಿಗಳಿಗಾಗಿ. 1960ರಲ್ಲಿ ಅವರ ಬೋಟುಗಳು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿಯ ಪ್ರವಾಹಕ್ಕೆ ಎದುರಾಗಿ ಹತ್ತಿದವು. ಆ ಖ್ಯಾತಿಯನ್ನು ನಂಬಿ 'ಜೆಟ್ ಬೋಟ್ ಮೊಣಕಾಲು ನೀರಿನಲ್ಲೂ ಓಡುತ್ತದೆ' ಎನ್ನುವವರಿದ್ದಾರೆ. ವೇಗ ಹಿಡಿದು ನೀರಿನ ಮೇಲೆ ಜಾರುವಾಗ ನಿಜ. ನಿಂತಲ್ಲಿ ಎಂಜಿನ್ ಶುರು ಮಾಡಿದರೆ ಅದು ತಳದ ಮರಳನ್ನೂ ಕಲ್ಲನ್ನೂ ಹೀರಿ ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಲೇನಿಯರ್‌ನಲ್ಲಿ ನೀರಿನ ಮಟ್ಟ ಏರಿಳಿಯುತ್ತಲೇ ಇರುತ್ತದೆ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,071 ಅಡಿ; 2007ರ ಬರದಲ್ಲಿ ಅದಕ್ಕಿಂತ ಸುಮಾರು 20 ಅಡಿ ಕೆಳಗಿಳಿದಿತ್ತು. ಮಟ್ಟ ಇಳಿದಾಗ ದಿಬ್ಬಗಳೂ ಮುಳುಗಿದ ಮರದ ಬುಡಗಳೂ ಹತ್ತಿರಕ್ಕೆ ಬರುತ್ತವೆ. ಈ ಕೆರೆಯಲ್ಲಿ 330 ಗಂಟೆ ಓಡಿದ ಪಂಪಿನಲ್ಲಿ ಗಾಯವೇ ಇಲ್ಲ ಎಂದರೆ ನಾನು ನಂಬುವುದಿಲ್ಲ.

ಟಾರ್ಚ್ ಹಿಡಿದು ನೋಡಿದೆ. ಬಲ ಇಂಪೆಲ್ಲರ್‌ನ ಅಂಚಿನಲ್ಲಿ ಕಚ್ಚುಗಳಿದ್ದವು, ಅದರ ಸುತ್ತಲಿನ ಉಂಗುರ ಸವೆದಿತ್ತು. ಎಲೆಗೂ ಉಂಗುರಕ್ಕೂ ನಡುವೆ ಇರಬೇಕಾದದ್ದು ಕೂದಲೆಳೆಯ ಸಂದು. ಅದು ಅಗಲವಾದರೆ ನೀರು ಹಿಂದಕ್ಕೆ ಜಾರುತ್ತದೆ, ಗುಳ್ಳೆ ಏಳುತ್ತದೆ, ತಳ್ಳುವ ಬಲ ಇಳಿಯುತ್ತದೆ. ನೀರಿಗಿಳಿಸಿ ಓಡಿಸಿದಾಗ ಅದೇ ಕಂಡಿತು: ನಿಂತ ಬೋಟ್ ಎದ್ದು ಓಡುವ ಕ್ಷಣದಲ್ಲಿ ಬಲ ಎಂಜಿನ್‌ನ ಮುಳ್ಳು ನೆಗೆಯುತ್ತಿತ್ತು, ಬೋಟ್ ಅಷ್ಟಾಗಿ ನೆಗೆಯುತ್ತಿರಲಿಲ್ಲ. ಪೂರ್ತಿ ವೇಗದಲ್ಲಿ ಎಡ ಎಂಜಿನ್ 7,500 ಆರ್‌ಪಿಎಂನ ಆಸುಪಾಸಿನಲ್ಲಿ ನಿಂತರೆ ಬಲದ್ದು ಅದಕ್ಕಿಂತ ಮೇಲೆ. ಮೆಕ್ಯಾನಿಕ್ ಬಂದು ನೋಡಿದಾಗ ಎರಡೂ ಎಂಜಿನ್‌ಗಳ ಗಂಟೆ ಹೊಂದಿದವು, ಸಿಲಿಂಡರುಗಳ ಕಂಪ್ರೆಷನ್ ಶೇಕಡಾ ಹತ್ತರೊಳಗಿನ ವ್ಯತ್ಯಾಸದಲ್ಲಿತ್ತು, ಎಣ್ಣೆಯಲ್ಲಿ ಹಾಲಿನಂಥ ಬಿಳುಪು ಇರಲಿಲ್ಲ, ಅಂದರೆ ನೀರು ಸೇರಿರಲಿಲ್ಲ.

ಓಡಿಸಿದ ದಿನ ಮೂವರಿಗೂ ಇನ್ನೊಂದು ಪಾಠವಾಯಿತು. ದಡ ಹತ್ತಿರವಾಯಿತೆಂದು ಲೆಕ್ಕಿಗರು ಗಾಬರಿಯಿಂದ ವೇಗದ ಹಿಡಿಯಾದ ಥ್ರಾಟಲ್ ಪೂರ್ತಿ ಇಳಿಸಿದರು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಬೋಟ್ ನೆಟ್ಟಗೆ ಹೋಯಿತು. ನೀರು ಚಿಮ್ಮದೆ ಜೆಟ್ ಬೋಟ್ ತಿರುಗುವುದಿಲ್ಲ. ಯಮಹಾ 2015ರಿಂದ 24 ಅಡಿಯ ಬೋಟುಗಳ ತಳಕ್ಕೆ ಚಲಿಸುವ ಹುಟ್ಟಿನಂಥ ಭಾಗ ಕೊಟ್ಟಿದ್ದರ ಉದ್ದೇಶವೇ ನಿಧಾನ ವೇಗದಲ್ಲಿ ಹಿಡಿತ ಸಿಗಲೆಂದು. ಅದಕ್ಕೂ ಹಿಂದಿನ ಈ ಬೋಟಿನಲ್ಲಿ ಅದಿಲ್ಲ. ಈ ಮಾಲೀಕರು ನೀರು ಚಿಮ್ಮುವ ಮೂತಿಗೆ ಹೊರಗಿನಿಂದ ಕೊಂಡ ರೆಕ್ಕೆಗಳನ್ನು ಕೂರಿಸಿದ್ದರು. ಜಾಹೀರಾತಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ನನ್ನ ಪ್ರಕಾರ ಆ ಬೋಟಿನ ಅತ್ಯುತ್ತಮ ಸೌಕರ್ಯ ಅದೇ.

ಬೆಲೆಯ ಹಾಳೆ

ಲೆಕ್ಕಿಗರು ಒಂದು ಹಾಳೆ ಮಾಡಿದರು, ನಾವೆಲ್ಲ ಅದರ ಮೇಲೆ ಜಗಳವಾಡಿದೆವು. ಮೊದಲ ಸಾಲಿಗೆ ಬೆಲೆಪಟ್ಟಿಯ ಅಂಕಿಯನ್ನಾಗಲಿ ಜಾಹೀರಾತಿನ ಅಂಕಿಯನ್ನಾಗಲಿ ಹಾಕಲಿಲ್ಲ. ಜಾಹೀರಾತಿನದು ಮಾರುವವರ ಆಸೆ. ಮಾರಾಟವಾಗಿ ಮುಗಿದವರನ್ನು ಹುಡುಕಿ, ಕೊನೆಗೆ ಎಷ್ಟಕ್ಕೆ ಕೊಟ್ಟಿರಿ ಎಂದು ಸಂಕೋಚವಿಲ್ಲದೆ ಕೇಳಿದರು. ಹಲವರು ಹೇಳಿದರು. ಸಿಹಿನೀರಿನ, ಚೆನ್ನಾಗಿಟ್ಟುಕೊಂಡ ಅದೇ ಮಾದರಿ 27,000ದ ಸುತ್ತ ಹೋಗುತ್ತಿತ್ತು. ಅದು ಮೊದಲ ಸಾಲು.

ಕೆಳಗೆ ಕಳೆಯುತ್ತಾ ಹೋದರು. ಎರಡೂ ಪಂಪಿನ ಕೆಲಸಕ್ಕೆ 1,600. ಸೀಟುಗಳಿಗೆ 1,900. ಟ್ರೇಲರಿನ ನಾಲ್ಕು ಟೈರಿಗೆ 480. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ವಾರ ಮತ್ತು ವರ್ಷ ಇರುತ್ತದೆ, ಇವು ಬೋಟಿನಷ್ಟೇ ಹಳೆಯವು. ಟ್ರೇಲರಿನ ಬ್ರೇಕಿಗೆ 520, ಬ್ಯಾಟರಿಗಳಿಗೆ 260, ನೆರಳಿನ ಬಟ್ಟೆಗೆ 340. ಒಟ್ಟು 5,100 ಕಳೆದು ಉಳಿದದ್ದು 21,900.

ಸ್ಟೀರಿಯೊಗೆ ಸೊನ್ನೆ ಎಂದು ಬರೆದರು. ಸಾಫ್ಟ್‌ವೇರಿನವರು ಸಿಡಿದೆದ್ದರು, ಇದರಲ್ಲಿರುವುದು ಹಳೆಯದು ಸರಿ, ಒಂದನೆಯ ಬೋಟಿನಲ್ಲಿದ್ದದ್ದಕ್ಕೂ ಸೊನ್ನೆಯೇ? ಹೌದು ಎಂದರು ಲೆಕ್ಕಿಗರು. ನೀರು ಬಿಸಿಲಿನಲ್ಲಿ ನಿಂತ ಸ್ಪೀಕರಿಗೆ ಎರಡನೆಯ ಕೈಯಲ್ಲಿ ಬೆಲೆಯಿಲ್ಲ, ದೀಪಕ್ಕೂ ಇಲ್ಲ. ಕಮಾನು ಕಾರ್ಖಾನೆಯಿಂದಲೇ ಬಂದದ್ದು, ಮೊದಲ ಸಾಲಿನಲ್ಲೇ ಸೇರಿದೆ. ರೆಕ್ಕೆಗಳಿಗೆ ಏನಾದರೂ ಕೂಡಿಸಿ ಎಂದು ನಾನು ಕೇಳಿಕೊಂಡೆ. ಅವರು ಕೂಡಿಸಲಿಲ್ಲ; ಮಾರುವವರೇ ಕೇಳದ ದುಡ್ಡನ್ನು ನಾವೇಕೆ ಹೇಳಬೇಕು ಎಂದರು. ಲೆಕ್ಕಿಗರ ಧರ್ಮ ಅದು.

ಆಗ ಅಕ್ಟೋಬರ್. ಮಾರುವವರು ಇನ್ನೊಂದು ಚಳಿಗಾಲಕ್ಕೆ ನೀರು ಬಸಿಸಿ, ಎಂಜಿನ್ ಸಿದ್ಧಪಡಿಸಿ, ಜಾಗದ ಬಾಡಿಗೆ ಕಟ್ಟಬೇಕಿತ್ತು. ಅದೇ ಬೋಟಿಗೆ ಏಪ್ರಿಲ್‌ನಲ್ಲಿ ನಾಲ್ಕು ಜನ ಬಂದು ನಿಲ್ಲುತ್ತಾರೆ. ನಮ್ಮವರು 21,500ಕ್ಕೆ ಕೇಳಿದರು, ಮಾಲೀಕರು 25,000 ಎಂದರು. ಲೆಕ್ಕಿಗರು ಚೌಕಾಸಿ ಮಾಡದೆ ಹಾಳೆಯನ್ನೇ ಮುಂದಿಟ್ಟರು. ಆ ಹಿರಿಯರು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು. ಬ್ಯಾಟರಿ ಹೋದ ವರ್ಷ ಹಾಕಿಸಿದ್ದು ಎಂದು ಒಂದನ್ನು ತೋರಿಸಿದರು, ಉಳಿದದ್ದಕ್ಕೆ ತಕರಾರು ಮಾಡಲಿಲ್ಲ. ಎರಡು ಬ್ಯಾಟರಿಗಳಲ್ಲಿ ಒಂದು ಹಳೆಯದಾಗಿತ್ತು, ಇನ್ನೊಂದು ಅವರು ಹೇಳಿದಂತೆಯೇ ಇತ್ತು. ಜೀವರಕ್ಷಕ ಅಂಗಿಗಳು, ಲಂಗರು, ಹಗ್ಗ, ಹೊದಿಕೆ ಸಮೇತ 22,700ಕ್ಕೆ ಕೈಕುಲುಕಿದರು.

ಕಾಗದಪತ್ರದಲ್ಲಿ ಒಂದು ತೊಡಕಿತ್ತು. ಕಾರಿಗೆ ಇರುವಂಥ ಮಾಲೀಕತ್ವದ ಪತ್ರವನ್ನು ಜಾರ್ಜಿಯಾ ಬೋಟುಗಳಿಗೆ ಕೊಡುವುದಿಲ್ಲ, ನೋಂದಣಿ ಮಾತ್ರ. ಬೋಟಿನ ಮೇಲೆ ಸಾಲವಿದೆಯೇ ಎಂಬುದು ಒಂದು ಪತ್ರ ನೋಡಿ ತಿಳಿಯುವುದಿಲ್ಲ. ಸಾಲ ತೀರಿಸಿದ ಬ್ಯಾಂಕಿನ ಪತ್ರವನ್ನು ಮಾಲೀಕರಿಂದ ಪಡೆದು, ಕ್ರಯಪತ್ರದಲ್ಲಿ ಒಡಲಿನ ಸಂಖ್ಯೆಯ ಜೊತೆಗೆ ಎರಡೂ ಎಂಜಿನ್‌ಗಳ ಸಂಖ್ಯೆಯನ್ನೂ ಬರೆಸಿದರು. ಒಂದನೆಯ ಬೋಟಿನ ಅನುಭವ ಇಲ್ಲದಿದ್ದರೆ ಎಂಜಿನ್ ಸಂಖ್ಯೆ ಯಾರಿಗೂ ನೆನಪಾಗುತ್ತಿರಲಿಲ್ಲ.

ಆಮೇಲೆ

ಪಂಪಿನ ಕೆಲಸ ಅಂದಾಜಿಗಿಂತ ಕಡಿಮೆಗೆ, 1,450ಕ್ಕೆ ಮುಗಿಯಿತು. ಏಟು ಬಿದ್ದದ್ದು ಸೀಟುಗಳಲ್ಲಿ. ಹೊಲಿಗೆ ಬಿಚ್ಚಿದರೆ ಒಳಗಿನ ಸ್ಪಂಜು ನೀರು ಕುಡಿದು ಭಾರವಾಗಿತ್ತು, ಅದರಡಿಯ ಪ್ಲೈವುಡ್ ಕೊಳೆತಿತ್ತು. 1,900 ಎಂದದ್ದು 2,750 ಆಯಿತು. ನಾವೆಲ್ಲ ಪಂಪಿಗೆ ಟಾರ್ಚ್ ಹಿಡಿದವರು, ಸೀಟನ್ನು ಒತ್ತಿ ನೋಡಿರಲಿಲ್ಲ. ಈಗ ಯಾರು ಕರೆದರೂ ನಾನು ಮೊದಲು ಸೀಟಿನ ಮೂಲೆಯನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತೇನೆ. ಟ್ರೇಲರಿನ ಬ್ರೇಕ್ 690 ತಿಂದಿತು. ಎಲ್ಲ ಸೇರಿ 6,000ಕ್ಕೆ ಸ್ವಲ್ಪ ಕಡಿಮೆ. ಗೆರೆಯೊಳಗೇ ಉಳಿದರು.

ಮೂವರ ಒಪ್ಪಂದವನ್ನು ಒಂದು ಪುಟದಲ್ಲಿ ಬರೆದುಕೊಂಡಿದ್ದರು. ಚುಕ್ಕಾಣಿ ಹಿಡಿದವರ ಕಾಲದಲ್ಲಿ ಪಂಪಿಗೆ ಏನಾದರೂ ಸಿಕ್ಕಿದರೆ ಅವರದೇ ಖರ್ಚು ಎಂಬುದು ಅದರ ಒಂದು ಸಾಲು. ಮುಂದಿನ ಬೇಸಿಗೆಯಲ್ಲೇ ಅದು ಕೆಲಸಕ್ಕೆ ಬಂತು. ಡಾಕ್ಟರ ಮಗ ಗಾಳಿ ತುಂಬಿದ ಟ್ಯೂಬಿನ ಮೇಲೆ ಕುಳಿತು ಎಳೆಸಿಕೊಳ್ಳುತ್ತಿದ್ದ. ನಿಲ್ಲಿಸಿದಾಗ ಸಡಿಲಾದ ಹಗ್ಗವನ್ನು ಪಂಪ್ ಹೀರಿತು. ಈ ಬೋಟುಗಳಲ್ಲಿ ಕ್ಲಚ್ ಇಲ್ಲ. ಎಂಜಿನ್ ಚಾಲನೆಯಲ್ಲಿದೆ ಎಂದರೆ, ಬೋಟ್ ನಿಂತಿದ್ದರೂ, ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ. ಪ್ರೊಪೆಲ್ಲರ್ ಇಲ್ಲ, ಮಕ್ಕಳಿಗೆ ಅಪಾಯವಿಲ್ಲ ಎಂದು ಮಾರುವವರು ಹೇಳುವ ಮಾತಿಗೆ ಇದನ್ನು ಸೇರಿಸಿ ಕೇಳಬೇಕು: ಹಗ್ಗವನ್ನು ಹೀರುವ ಬಾಯಿ ಉದ್ದ ಕೂದಲನ್ನೂ ಹೀರುತ್ತದೆ, ಹಿಂದಿನ ಜಗಲಿಯ ಬಳಿ ಎಂಜಿನ್‌ನ ಕಾರ್ಬನ್ ಮಾನಾಕ್ಸೈಡ್ ವಿಷಾನಿಲ ಸೇರಿಕೊಳ್ಳುತ್ತದೆ. ಹಿಂದೆ ಯಾರಾದರೂ ನೀರಿನಲ್ಲಿದ್ದರೆ ಎಂಜಿನ್ ಆರಿರಬೇಕು. ಹಗ್ಗವನ್ನು ತಪಾಸಣೆ ಕಿಂಡಿಯಿಂದ ಕತ್ತರಿಸಿ ತೆಗೆಯಲು ಒಂದು ಮಧ್ಯಾಹ್ನ ಹಿಡಿಯಿತು. ಡಾಕ್ಟರು ತಕರಾರಿಲ್ಲದೆ ಹೊಸ ಹಗ್ಗ ತಂದರು. ಅವರ ಅಮ್ಮ ಬಂದದ್ದು ಅದರ ಮುಂದಿನ ವರ್ಷ. ಜಗಲಿಯ ಮೇಲೆ ಕುಳಿತರು, ನೀರಿಗೆ ಕಾಲು ಬಿಟ್ಟರು, ಬೋಟ್ ವೇಗ ಹಿಡಿದಾಗ ಮಾತ್ರ ಸದ್ದು ಜಾಸ್ತಿ ಎಂದರು. ಅದು ನಿಜ. ಪೆಟ್ರೋಲೂ ಜಾಸ್ತಿ: ಸಾಧಾರಣ ವೇಗದಲ್ಲೇ ಎರಡು ಎಂಜಿನ್‌ಗಳು ಗಂಟೆಗೆ ಹತ್ತು ಗ್ಯಾಲನ್ ದಾಟಿಸುತ್ತವೆ.

ಹಾಳೆಗೆ ನಿಜವಾದ ಪರೀಕ್ಷೆ ಬಂದದ್ದು 2022ರಲ್ಲಿ. ಸಾಫ್ಟ್‌ವೇರಿನವರಿಗೆ ಡಲ್ಲಾಸಿನಲ್ಲಿ ಕೆಲಸವಾಯಿತು, ಅವರ ಪಾಲನ್ನು ಉಳಿದಿಬ್ಬರು ಕೊಳ್ಳಬೇಕಾಯಿತು. ಕೋವಿಡ್ ಕಾಲದಲ್ಲಿ ಹಳೆಯ ಬೋಟುಗಳ ಬೆಲೆ ಏರಿತ್ತು. ಕೊಂಡ ಬೆಲೆಯಿಂದ ಸವಕಳಿ ಕಳೆಯೋಣ ಎಂದು ಡಾಕ್ಟರು ಸೂಚಿಸಿದರು. ಅದು ಉಳಿಯುವ ಇಬ್ಬರಿಗೂ ಲಾಭವೇ. ಲೆಕ್ಕಿಗರು ಒಪ್ಪಲಿಲ್ಲ. ಕೊಳ್ಳುವಾಗ ಮೊದಲ ಸಾಲನ್ನು ಮಾರುಕಟ್ಟೆಯಿಂದ ತೆಗೆದುಕೊಂಡವರು ಈಗಲೂ ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂದು ಮತ್ತೆ ಮಾರಾಟ ಮುಗಿಸಿದವರಿಗೆಲ್ಲ ಫೋನ್ ಮಾಡಿದರು. ಮೊದಲ ಸಾಲು 30,000ಕ್ಕೆ ಬಂತು. ಮಾಡಿಸಬೇಕಾದ ಕೆಲಸಕ್ಕೆ 1,500 ಕಳೆದು 28,500, ಮೂರರಲ್ಲೊಂದು ಪಾಲು 9,500. ಮೂರು ವರ್ಷದ ಹಿಂದೆ ಬೋಟಿಗೂ ರಿಪೇರಿಗೂ ಅವರ ಕೈಯಿಂದ ಹೋದದ್ದು ಹೆಚ್ಚುಕಡಿಮೆ ಅಷ್ಟೇ. ಪೆಟ್ರೋಲು, ವಿಮೆ, ಜಾಗದ ಬಾಡಿಗೆ ಇದರ ಹೊರಗೆ.

ಒಂದು ಸಾಲು ಮಾತ್ರ ಬಗೆಹರಿಯಲಿಲ್ಲ. ನಡುವಿನಲ್ಲಿ ಸಾಫ್ಟ್‌ವೇರಿನವರು ತಮ್ಮ ಸ್ವಂತ ದುಡ್ಡಿನಲ್ಲಿ 1,100 ಡಾಲರಿನ ಸ್ಟೀರಿಯೊ ಹಾಕಿಸಿದ್ದರು. ಹಾಳೆಯಲ್ಲಿ ಸ್ಟೀರಿಯೊಗೆ ಸೊನ್ನೆ. ಅದು ಪರರ ಬೋಟಿಗೆ ಬರೆದ ನಿಯಮ, ನಮ್ಮ ನಮ್ಮಲ್ಲಿ ಏಕೆ ಎಂದು ಅವರು ವಾದಿಸಿದರು. ನನ್ನನ್ನು ಕೇಳಿದರು. ದುಡ್ಡು ಬೇಡ, ಬಿಚ್ಚಿಕೊಂಡು ಹೋಗಲಿ ಎಂದೆ. ಬಿಚ್ಚಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಉಳಿಯುವ ತೂತಿಗೆ ಎಷ್ಟು ಕಳೆಯಬೇಕು ಎಂದು ಲೆಕ್ಕಿಗರು ಪೆನ್ನು ತೆಗೆದರು. ಸ್ಟೀರಿಯೊ ಬೋಟಿನಲ್ಲೇ ಉಳಿಯಿತು, ಸಾಫ್ಟ್‌ವೇರಿನವರು ಊರಿಗೆ ಬಂದಾಗ ಒಂದು ದಿನ ಬೋಟ್ ಅವರದು ಎಂದು ಬರೆದುಕೊಂಡು ವಿಮೆಯ ಪತ್ರದಿಂದ ಅವರ ಹೆಸರು ತೆಗೆಸಿದರು.